ಸಮಕ್ಕೆ ಬರುವ ಮುನ್ನವೇ ಕತ್ತರಿ

ಆ ಭಾನುವಾರ ಬೆಳಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಮನೆಯ ಕಾಕು, ಸೋದರತ್ತೆಯ ಮನೆಯವರು, ಅಪ್ಪನ ನಾಲ್ಕು ಮಂದಿ ಶಿಷ್ಯರು, ಅವರಲ್ಲೊಬ್ಬನ ತಾಯಿ, ಎಲ್ಲರೂ ಟಿವಿಯ ಎದುರು ಕೂತಿದ್ದರು. ಅವ್ವ ದೊಡ್ಡ ಬೋಗುಣಿಯಲ್ಲಿ ಗಿರಮಿಟ್ಟು ಕಲಸಿಟ್ಟಿದ್ದಳು. ಅಂದು ಅಪ್ಪ ಟಿವಿಯಲ್ಲಿ ಬರುವವರಿದ್ದರು.

ಕಾರ್ಯಕ್ರಮ ಅಪ್ಪನ ಕುರಿತಾದದ್ದೇನಲ್ಲ. ನಮ್ಮ ಭಾಗದ ಹಿರಿಯ ಹಿಂದೂಸ್ತಾನಿ ಗಾಯಕರೊಬ್ಬರ ಬಗ್ಗೆ ಒಂದು ವಾಹಿನಿ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಿತ್ತು. ಅಪ್ಪ ಅವರಿಗೆ ಇಪ್ಪತ್ತು ವರ್ಷಗಳಿಂದ ತಬಲಾ ಸಾಥ್ ಕೊಡುತ್ತಿದ್ದವರು. ಚಿತ್ರೀಕರಣದ ದಿನ ನಾನೂ ಜೊತೆಗೆ ಹೋಗಿದ್ದೆ. ಎಂಬತ್ತು ದಾಟಿದ ಆ ಗಾಯಕರು ಬೆಳಗಿನ ಎಂಟಕ್ಕೆ ಕೂತು ತೋಡಿ ಹಾಡಿದರು. ವಿಲಂಬಿತ ಏಕತಾಲದಲ್ಲಿ ಬಡಾ ಖ್ಯಾಲ್, ಆಮೇಲೆ ತೀನ್‌ತಾಲದಲ್ಲಿ ಛೋಟಾ ಖ್ಯಾಲ್, ಒಟ್ಟು ಐವತ್ತು ನಿಮಿಷಕ್ಕೂ ಮಿಕ್ಕಿ. ಎರಡು ಕ್ಯಾಮೆರಾ ಪೂರ್ತಿ ಓಡಿದವು. ಊಟವಾದ ಮೇಲೆ ನಿರ್ದೇಶಕರು ಅಪ್ಪನನ್ನು ಕಿಟಕಿಯ ಬೆಳಕಿಗೆ ಕೂರಿಸಿ, "ಸರ್, ಸುಮ್ಮನೆ ಏನಾದರೂ ಬಾರಿಸಿ, ಬೆರಳಿನ ಕ್ಲೋಸಪ್ ಬೇಕು" ಎಂದರು. ಅಪ್ಪ ತೀನ್‌ತಾಲದಲ್ಲಿ ಒಂದು ಕಾಯದಾ ಬಾರಿಸಿದರು.

ಪ್ರಸಾರವಾದ ಚಿತ್ರದಲ್ಲಿ ಅಪ್ಪನ ಮುಖವಿರಲಿಲ್ಲ, ಹೆಸರೂ ಇರಲಿಲ್ಲ. ಇದ್ದದ್ದು ನಾಲ್ಕು ಸೆಕೆಂಡು ಬೆರಳುಗಳು. ಅದೂ ಎಲ್ಲಿ? ಹಿನ್ನೆಲೆಯಲ್ಲಿ ವಿಲಂಬಿತ ಏಕತಾಲದ ಖ್ಯಾಲ್ ಕೇಳಿಸುತ್ತಿದ್ದಾಗ, ಪರದೆಯ ಮೇಲೆ ಅಪ್ಪನ ಬೆರಳುಗಳು ಕಾಯದಾದ ಓಟದಲ್ಲಿದ್ದವು. ಕಾಕು ಚಪ್ಪಾಳೆ ತಟ್ಟಿದರು. ಶಿಷ್ಯರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ರಿಮೋಟು ತೆಗೆದುಕೊಂಡು ದನಿ ಸಣ್ಣದು ಮಾಡಿ, ನನ್ನ ಕಡೆ ತಿರುಗಿ ಹೇಳಿದರು: "ಕೈ ತೀನ್‌ತಾಲದಾಗ ಐತಿ, ಹಾಡು ಏಕತಾಲದಾಗ ಐತಿ. ನೋಡ್ದವ್ರು ಏನಂತಾರವ್ವಾ? ತಬಲಜಿಗೆ ಲಯಾ ತಪ್ಪೈತಿ ಅಂತಾರ."

ನಲವತ್ತು ವರ್ಷ ಲಯವನ್ನೇ ನಂಬಿ ಬದುಕಿದ ಮನುಷ್ಯನನ್ನು ಟಿವಿ ನಾಲ್ಕು ಸೆಕೆಂಡಿನಲ್ಲಿ ಬೇತಾಳನನ್ನಾಗಿ ಮಾಡಿತ್ತು. ಇದನ್ನು ಮಾಡಿದವರು ಕೆಟ್ಟವರಲ್ಲ. ಚಿತ್ರ ತಂಡದವರು ಸಭ್ಯರು, ಗಾಯಕರ ಕಾಲು ಮುಟ್ಟಿ ನಮಸ್ಕರಿಸಿದವರು. ನನ್ನ ತಕರಾರು ಶುರುವಾಗುವುದೇ ಅಲ್ಲಿ. ಕಲಾವಿದರ ಬಗ್ಗೆ ನಮ್ಮ ಟಿವಿ ಮಾಡುವ ಸಾಕ್ಷ್ಯಚಿತ್ರಗಳಲ್ಲಿ ಭಕ್ತಿಗೆ ಕೊರತೆಯಿಲ್ಲ. ಕೊರತೆ ಇರುವುದು ಕೇಳುವ ಕಿವಿಗೆ, ನೋಡುವ ಕಣ್ಣಿಗೆ. ಕಲಾವಿದರನ್ನು ಪೂಜಿಸುವ ಭರದಲ್ಲಿ ಅವರ ಕಲೆಯನ್ನು ಕತ್ತರಿಸಿ ಎಸೆಯುವ ಚಿತ್ರಗಳಿವು.

ಈ ಚಿತ್ರಗಳ ಮಾದರಿ ನಿಮಗೂ ಗೊತ್ತು. ಮೊದಲು ಡ್ರೋನಿನಿಂದ ಊರು: ಕೆರೆ, ಗುಡಿಯ ಗೋಪುರ, ಹೆಂಚಿನ ಮನೆ. ಅದರ ಮೇಲೆ ಕೊಳಲು. ಕಲಾವಿದರು ಸಂಗೀತಗಾರರೋ ಕುಂಬಾರರೋ ಕಾದಂಬರಿಕಾರರೋ ಎಂಬ ಭೇದವಿಲ್ಲದೆ ಕೊಳಲು. ಆಮೇಲೆ ಗಂಭೀರವಾದ ಗಂಡು ದನಿಯೊಂದು ಹುಟ್ಟಿದ ಇಸವಿ ಹೇಳುತ್ತದೆ. ಬಡತನ ಬರುತ್ತದೆ. ಗುರು ಬರುತ್ತಾರೆ. ಹಳೆಯ ಫೋಟೋಗಳು ನಿಧಾನವಾಗಿ ಹಿಗ್ಗುತ್ತವೆ. ಇಬ್ಬರು ಗಣ್ಯರು ಪುಸ್ತಕದ ಕಪಾಟಿನ ಮುಂದೆ ಕೂತು, ಅವರು ಎಷ್ಟು ಸರಳ ಎಂದು ಹೇಳುತ್ತಾರೆ. ಕಲಾವಿದರು ತುಳಸಿಕಟ್ಟೆಯ ಸುತ್ತ ನಡೆಯುತ್ತಾರೆ, ಅಥವಾ ಹೊಲದ ಬದುವಿನ ಮೇಲೆ ನಡೆಯುತ್ತಾರೆ. ಕವಿಗಳಾದರೆ ಕಿಟಕಿಯಿಂದ ಆಚೆ ನೋಡುತ್ತಾರೆ. ಪ್ರಶಸ್ತಿ ಫಲಕಗಳ ಸಾಲು ಬರುತ್ತದೆ. ಕೊನೆಗೆ ಸೂರ್ಯಾಸ್ತ.

ಇದರ ನಡುವೆ ಕಲೆ ಎಲ್ಲಿ? ಇದೆ, ಒಗ್ಗರಣೆಯ ಸಾಸಿವೆಯ ಹಾಗೆ. ಗಾಯಕರ ದನಿ ಹದಿನೈದು ಸೆಕೆಂಡು ಏರುತ್ತದೆ, ನಿರೂಪಕರು ಬಾಯಿ ತೆರೆದ ಕೂಡಲೇ ಇಳಿಯುತ್ತದೆ. ರಾಗ ಮಾತಿಗೆ ಹಾಸುಗೆಯಾಗುತ್ತದೆ. ಚಿತ್ರಕಾರರ ಕ್ಯಾನ್ವಾಸಿನ ಮೇಲೆ ಕ್ಯಾಮೆರಾ ಸರ್ರನೆ ಜಾರುತ್ತದೆ, ಇಡೀ ಚಿತ್ರ ಒಮ್ಮೆಯೂ ಚೌಕಟ್ಟಿನೊಳಗೆ ನಿಲ್ಲುವುದಿಲ್ಲ. ಕವಿತೆಯ ಎರಡು ಸಾಲು ಮಳೆಯ ದೃಶ್ಯದ ಮೇಲೆ ತೇಲಿ ಹೋಗುತ್ತವೆ. ಕಲಾವಿದರ ಜೀವನಕ್ಕೆ ಅವರ ಕೃತಿಯೇ ಹಿನ್ನೆಲೆ ಸಂಗೀತವಾಗಿಬಿಡುವ ವಿಚಿತ್ರ ಪ್ರಕಾರವಿದು.

ಹದಿನೈದು ಸೆಕೆಂಡು ಎಂದರೆ ಎಷ್ಟು ಎಂದು ಸಂಗೀತದ ಲೆಕ್ಕದಲ್ಲೇ ನೋಡೋಣ. ಏಕತಾಲದಲ್ಲಿ ಹನ್ನೆರಡು ಮಾತ್ರೆ. ಕಿರಾಣಾ ಘರಾಣೆಯವರು ಹಾಡುವ ಅತಿವಿಲಂಬಿತ ಗತಿಯಲ್ಲಿ ಒಂದು ಆವರ್ತನ ಮುಗಿಯಲು ಮುಕ್ಕಾಲು ನಿಮಿಷದಿಂದ ಒಂದು ನಿಮಿಷದವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಆವರ್ತನದ ಮೊದಲ ಮಾತ್ರೆಯೇ ಸಮ. ಗಾಯಕ ಸ್ವರಗಳನ್ನು ಒಂದೊಂದಾಗಿ ಬಿಡಿಸುತ್ತ, ಅಲೆಯುತ್ತ, ಕಾಲವನ್ನು ಮರೆತಂತೆ ನಟಿಸುತ್ತ, ಬಂದಿಶ್‌ನ ಮುಖಡಾ ಹಿಡಿದು ಸರಿಯಾಗಿ ಸಮದ ಮೇಲೆ ಬಂದಿಳಿಯುತ್ತಾನೆ. ತಬಲಾ ಅಲ್ಲಿ ಕಾದಿರುತ್ತದೆ. ಆ ಭೇಟಿಗಾಗಿಯೇ ಕೇಳುಗರ ತಲೆ ತಾನಾಗಿ ಆಡುತ್ತದೆ. ಖ್ಯಾಲ್ ಗಾಯನದ ಸುಖದ ದೊಡ್ಡ ಪಾಲು ಇರುವುದು ಈ ಹೊರಡುವಿಕೆ ಮತ್ತು ಬಂದು ಸೇರುವಿಕೆಯಲ್ಲಿ.

ಹದಿನೈದು ಸೆಕೆಂಡಿನ ತುಣುಕಿನಲ್ಲಿ ಗಾಯಕ ಮನೆಯಿಂದ ಹೊರಟಿರುತ್ತಾನೆ, ಅಷ್ಟೇ. ಅವನು ವಾಪಸು ಬರುವುದನ್ನು ಟಿವಿ ಎಂದೂ ತೋರಿಸುವುದಿಲ್ಲ. ಅಪ್ಪನ ಬೆರಳು ಬಂದ ಆ ಚಿತ್ರವನ್ನು ನಾನು ಆಮೇಲೆ ಗಡಿಯಾರ ಇಟ್ಟುಕೊಂಡು ನೋಡಿದೆ. ಮಾತಿನ ಅಡ್ಡಿಯಿಲ್ಲದೆ ಗಾಯಕರು ಹಾಡುವ ಅತಿ ದೀರ್ಘ ಭಾಗ ಒಂದು ನಿಮಿಷವನ್ನೂ ಮುಟ್ಟಲಿಲ್ಲ. ಅರುವತ್ತು ವರ್ಷ ಹಾಡಿದವರ ಕುರಿತ ಚಿತ್ರದಲ್ಲಿ ಅವರು ಒಂದೇ ಒಂದು ಸಲವೂ ಸಮಕ್ಕೆ ಬರಲಿಲ್ಲ.

ಈ ವ್ಯಾಕರಣ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ನನ್ನ ಸಂಶೋಧನೆ ನನ್ನನ್ನು ಇಂಗ್ಲೆಂಡಿಗೆ ಕರೆದೊಯ್ದಿತು, ಪುಸ್ತಕ ಮತ್ತು ಯೂಟ್ಯೂಬ್ ಮೂಲಕವೇ ಅನ್ನಿ. 1962ರಲ್ಲಿ ಬಿಬಿಸಿಯ 'ಮಾನಿಟರ್' ಎಂಬ ಕಲಾ ಕಾರ್ಯಕ್ರಮಕ್ಕೆ ಕೆನ್ ರಸೆಲ್ ಎಂಬ ನಿರ್ದೇಶಕ ಎಲ್ಗರ್ ಎಂಬ ಸಂಗೀತ ಸಂಯೋಜಕನ ಬಗ್ಗೆ ಒಂದು ಚಿತ್ರ ಮಾಡಿದ. ಮಾಲ್ವರ್ನ್ ಗುಡ್ಡಗಳ ಮೇಲೆ ಹುಡುಗನೊಬ್ಬ ಕುದುರೆ ಓಡಿಸಿಕೊಂಡು ಹೋಗುತ್ತಾನೆ, ಜೊತೆಗೆ ಎಲ್ಗರ್‌ನ ತಂತಿವಾದ್ಯಗಳ ಸಂಗೀತ. ಆ ದೃಶ್ಯ ಎಷ್ಟು ಪ್ರಸಿದ್ಧವಾಯಿತೆಂದರೆ, ಕಲಾವಿದನ ಚಿತ್ರವೆಂದರೆ ಭೂದೃಶ್ಯ ಮತ್ತು ಬಾಲ್ಯ ಎಂಬುದು ಪದ್ಧತಿಯೇ ಆಗಿಹೋಯಿತು. ನಮ್ಮ ಡ್ರೋನು ಆ ಕುದುರೆಯ ಮೊಮ್ಮಗ.

ಆದರೆ ಆ ಚಿತ್ರಕ್ಕೆ ಒಂದು ಕಟ್ಟುಪಾಡಿತ್ತು. ಕಾರ್ಯಕ್ರಮದ ಹೊಣೆ ಹೊತ್ತಿದ್ದ ಹ್ಯೂ ವೆಲ್ಡನ್, ನಟರು ಮಾತಾಡಕೂಡದು ಎಂದು ಹಟ ಹಿಡಿದಿದ್ದ. ಹಾಗಾಗಿ ಎಲ್ಗರ್ ಪಾತ್ರಧಾರಿಗಳು ದೂರದಿಂದ ಕಾಣುತ್ತಾರೆ, ತುಟಿ ಬಿಚ್ಚುವುದಿಲ್ಲ. ವೆಲ್ಡನ್‌ನದೇ ನಿರೂಪಣೆ ಇದ್ದರೂ ಅದು ಸರಿದು ನಿಂತು ಸಂಗೀತಕ್ಕೆ ದಾರಿ ಬಿಡುತ್ತದೆ. ಎಲ್ಗರ್‌ನ ಅತಿ ಜನಪ್ರಿಯ ದೇಶಭಕ್ತಿಯ ಮೆರವಣಿಗೆಯ ಸಂಗೀತ ಬರುವಾಗ ರಸೆಲ್ ಪರದೆಯ ಮೇಲೆ ಮೊದಲನೇ ಮಹಾಯುದ್ಧದ ದೃಶ್ಯಗಳನ್ನು ಇಡುತ್ತಾನೆ. ಚಿತ್ರ ಅಲ್ಲಿ ಸಂಗೀತದೊಂದಿಗೆ ಜಗಳಕ್ಕೇ ಇಳಿಯುತ್ತದೆ. ಜಗಳವಾಡಬೇಕಾದರೂ ಎದುರಿನವರ ಮಾತು ಪೂರ್ತಿ ಕೇಳಿರಬೇಕಲ್ಲ! ಅನುಕರಿಸಿದವರು ಕುದುರೆಯನ್ನು ತಂದರು, ಕಟ್ಟುಪಾಡನ್ನು ಅಲ್ಲೇ ಬಿಟ್ಟು ಬಂದರು.

ಹತ್ತು ವರ್ಷಗಳ ನಂತರ, 1972ರಲ್ಲಿ, ಅದೇ ಬಿಬಿಸಿಯಲ್ಲಿ ಜಾನ್ ಬರ್ಜರ್ 'ವೇಸ್ ಆಫ್ ಸೀಯಿಂಗ್' ಎಂಬ ನಾಲ್ಕು ಕಂತಿನ ಸರಣಿ ಮಾಡಿದ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರ ಪುಸ್ತಕ ಗೊತ್ತು, ಕಾರ್ಯಕ್ರಮ ನೋಡಿದವರು ಕಡಿಮೆ. ಟಿವಿ ಕಲೆಗೆ ಏನು ಮಾಡುತ್ತದೆ ಎಂಬುದನ್ನು ಟಿವಿಯಲ್ಲೇ ಮಾಡಿ ತೋರಿಸಿದ ಸರಣಿ ಅದು. ಒಂದೇ ವರ್ಣಚಿತ್ರಕ್ಕೆ ಬೇರೆ ಬೇರೆ ಸಂಗೀತ ಹಚ್ಚಿದರೆ ಅದರ ಅರ್ಥ ಹೇಗೆ ಬದಲಾಗುತ್ತದೆ, ಕ್ಯಾಮೆರಾ ಒಂದು ಮೂಲೆಯನ್ನಷ್ಟೇ ಹಿಡಿದರೆ ಇಡೀ ಚಿತ್ರ ಹೇಗೆ ಬೇರೆ ಕತೆ ಹೇಳುತ್ತದೆ ಎಂದು ಅವನು ಬಿಡಿಸಿಟ್ಟ. ವ್ಯಾನ್ ಗೋನ ಕಾಗೆಗಳಿರುವ ಗೋಧಿ ಹೊಲದ ಚಿತ್ರವನ್ನು ಮೊದಲು ಸುಮ್ಮನೆ ತೋರಿಸಿ, ಆಮೇಲೆ ಇದು ಅವನು ಸಾಯುವ ಮುನ್ನ ಬರೆದ ಕೊನೆಯ ಚಿತ್ರ ಎಂಬ ಮಾತು ಸೇರಿಸುತ್ತಾನೆ. ಅದೇ ಹೊಲ, ಅವೇ ಕಾಗೆಗಳು, ಆದರೆ ಈಗ ನಮಗೆ ಕಾಣುವುದು ಸಾವು ಮಾತ್ರ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಅದು ವ್ಯಾನ್ ಗೋನ ಕೊನೆಯ ಚಿತ್ರವೇ ಅಲ್ಲ ಎಂಬುದು ಇಂದು ಕಲಾ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪಿರುವ ಸಂಗತಿ. ಆದರೂ ಆ ಕತೆ ಸಾಯುವುದಿಲ್ಲ, ಏಕೆಂದರೆ ಅದು ಟಿವಿಗೆ ಅನುಕೂಲ. ಹಳದಿ ಬಣ್ಣದ ಬಗ್ಗೆ ಮಾತಾಡಲು ಕಣ್ಣು ಬೇಕು, ಸಾವಿನ ಬಗ್ಗೆ ಮಾತಾಡಲು ನಿರೂಪಕರ ಗದ್ಗದ ದನಿ ಸಾಕು.

ಇದನ್ನೆಲ್ಲ ಹೇಳಿದರೆ, ಹಾಗಾದರೆ ಹೇಗೆ ಮಾಡಬೇಕು ಸ್ವಾಮಿ ಎಂಬ ಪ್ರಶ್ನೆ ಬರುತ್ತದೆ. ಉತ್ತರಕ್ಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ಸತ್ಯಜಿತ್ ರಾಯ್ 1972ರಲ್ಲಿ ಫಿಲ್ಮ್ಸ್ ಡಿವಿಷನ್‌ಗೆ 'ದಿ ಇನ್ನರ್ ಐ' ಎಂಬ ಚಿತ್ರ ಮಾಡಿದರು. ಶಾಂತಿನಿಕೇತನದಲ್ಲಿ ತಮಗೆ ಗುರುವಾಗಿದ್ದ, ಐವತ್ತರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ವಿಫಲವಾಗಿ ಪೂರ್ತಿ ಕುರುಡರಾದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರ ಬಗ್ಗೆ. ಕಣ್ಣು ಕಳೆದುಕೊಂಡ ಚಿತ್ರಕಾರ! ನಮ್ಮ ವಾಹಿನಿಗಳ ಕೈಗೆ ಸಿಕ್ಕಿದ್ದರೆ ಕೊಳಲಿನ ಜೊತೆ ಸಾರಂಗಿಯೂ ಬರುತ್ತಿತ್ತು. ರಾಯ್ ಆ ಸಂಗತಿಯನ್ನು ಬಿಗಿಯಾದ ಮಾತಿನಲ್ಲಿ ಹೇಳಿ ಮುಂದೆ ನಡೆಯುತ್ತಾರೆ. ಅವರ ಸಮಯ ಹೋಗುವುದು ಭಿತ್ತಿಚಿತ್ರಗಳ ಮೇಲೆ. ಹಿಂದಿ ಭವನದ ಗೋಡೆಗಳ ಮೇಲೆ ಬಿನೋದ್ ಬಿಹಾರಿ ಬರೆದ ಮಧ್ಯಯುಗದ ಸಂತರ ಬೃಹತ್ ಚಿತ್ರದ ಉದ್ದಕ್ಕೂ ಕ್ಯಾಮೆರಾ ಸಾಲು ಹಿಡಿದು ಓದುವಂತೆ ಸಾಗುತ್ತದೆ. ಕುರುಡರಾದ ಮೇಲೂ ಅವರು ಕೈಯಿಂದ ಮುಟ್ಟಿ ಮಾಡುವ ಕೆಲಸವನ್ನು ಅದು ತಾಳ್ಮೆಯಿಂದ ನೋಡುತ್ತದೆ. ಕರುಣೆ ಹುಟ್ಟಿಸುವ ಅವಸರ ಅದಕ್ಕಿಲ್ಲ. ಚಿತ್ರ ಮುಗಿದಾಗ ನನಗೆ ಬಿನೋದ್ ಬಿಹಾರಿಯವರ ಬಗ್ಗೆ ಅಯ್ಯೋ ಅನಿಸಲಿಲ್ಲ. ಆ ಗೋಡೆಗಳನ್ನು ಹೋಗಿ ನೋಡಬೇಕು ಅನಿಸಿತು.

ಅದೇ ರಾಯ್ 1976ರಲ್ಲಿ 'ಬಾಲಾ' ಮಾಡಿದರು, ಭರತನಾಟ್ಯದ ಬಾಲಸರಸ್ವತಿಯವರ ಬಗ್ಗೆ. ಅದರಲ್ಲಿ ಯಶೋದೆ ಕೃಷ್ಣನನ್ನು ಕರೆಯುವ, ವ್ಯಾಸರಾಯರದೆಂದು ಹೇಳಲಾಗುವ ನಮ್ಮ ಕನ್ನಡದ ದೇವರನಾಮಕ್ಕೆ ಆಕೆ ಸಮುದ್ರದ ದಂಡೆಯಲ್ಲಿ ಅಭಿನಯಿಸುತ್ತಾರೆ. ಆ ಸಮುದ್ರ ಬೇಕಿತ್ತೇ ಎಂದು ನನಗೂ ಸಂಶಯವಿದೆ. ಗಾಳಿಗೆ ಹಾರುವ ಸೀರೆ ಕೈಯ ಮುದ್ರೆಯ ಜೊತೆ ಪೈಪೋಟಿಗೆ ಇಳಿಯುತ್ತದೆ. ಆದರೆ ಸುಮಾರು ಅರ್ಧ ಗಂಟೆಯ ಆ ಚಿತ್ರದಲ್ಲಿ ನೃತ್ಯಕ್ಕೆ ನೃತ್ಯದ್ದೇ ಆದ ಸಮಯ ಸಿಗುತ್ತದೆ. ಐವತ್ತೆಂಟರ ಆಸುಪಾಸಿನ, ದಪ್ಪಗಾದ, ವಯಸ್ಸಾದ ಒಂದು ದೇಹ ಹೇಗೆ ಮಗುವನ್ನು ಕರೆಯುವ ತಾಯಿಯಾಗುತ್ತದೆ ಎಂಬುದು ನಮ್ಮ ಕಣ್ಣೆದುರಿಗೇ ನಡೆಯುತ್ತದೆ, ಯಾರೂ ಪಕ್ಕದಲ್ಲಿ ಕೂತು ಅದನ್ನು ವಿವರಿಸುವುದಿಲ್ಲ.

ಮಣಿ ಕೌಲ್ ಅವರ 'ಧ್ರುಪದ್' (1982) ಇನ್ನೂ ಮುಂದೆ ಹೋಗುತ್ತದೆ. ರುದ್ರವೀಣೆಯ ಜಿಯಾ ಮೊಹಿಯುದ್ದೀನ್ ಡಾಗರ್, ಅವರ ತಮ್ಮ, ಗಾಯಕ ಜಿಯಾ ಫರೀದುದ್ದೀನ್ ಡಾಗರ್ ಇಬ್ಬರೂ ಇರುವ ಈ ಚಿತ್ರ ಒಂದು ಗಂಟೆಗೂ ಮಿಕ್ಕಿ ಇದೆ. ಡಾಗರರ ಬಾಲ್ಯ ಹೇಗಿತ್ತು, ಊಟಕ್ಕೆ ಏನು ಇಷ್ಟ ಎಂಬುದು ಅದನ್ನು ನೋಡಿದ ಮೇಲೂ ನನಗೆ ತಿಳಿಯಲಿಲ್ಲ. ಆಲಾಪ ಹೇಗೆ ಸಾಗುತ್ತದೆ ಎಂಬುದು ತಿಳಿಯಿತು. ಮಣಿ ಕೌಲ್ ಸ್ವತಃ ಡಾಗರರಲ್ಲಿ ಧ್ರುಪದ್ ಕಲಿತವರು. ಎಲ್ಲಿ ಕತ್ತರಿಸಬಾರದು ಎಂಬುದು ಅವರಿಗೆ ಗೊತ್ತಿತ್ತು.

ಇವು ಟಿವಿಗಾಗಿ ಮಾಡಿದವಲ್ಲವಲ್ಲ ಎನ್ನುವವರಿದ್ದಾರೆ. ನಿಜ. ಆದರೆ 'ದಿ ಇನ್ನರ್ ಐ' ಇರುವುದು ಬರೀ 20 ನಿಮಿಷ. ಜಾಹೀರಾತು ಸೇರಿಸಿದರೂ ಟಿವಿಯ ಅರ್ಧ ಗಂಟೆಯಲ್ಲಿ ಆರಾಮಾಗಿ ಕೂರುತ್ತದೆ. ಹಾಗಾಗಿ ಸಮಯದ ಕೊರತೆ ಎಂಬ ನೆಪ ನಡೆಯುವುದಿಲ್ಲ. ಆ ಸಮಯವನ್ನು ಯಾವುದಕ್ಕೆ ಖರ್ಚು ಮಾಡುತ್ತೀರಿ ಎಂಬುದೇ ಪ್ರಶ್ನೆ.

ಜನರಿಗೆ ಶಾಸ್ತ್ರೀಯ ಸಂಗೀತ ತಿಳಿಯುವುದಿಲ್ಲ, ಎರಡು ನಿಮಿಷ ಹಾಡು ಬಿಟ್ಟರೆ ಚಾನೆಲ್ ಬದಲಿಸುತ್ತಾರೆ ಎಂಬುದು ನಾನು ಅತಿ ಹೆಚ್ಚು ಕೇಳಿದ ಸಮರ್ಥನೆ. ಇದೇ ಟಿವಿ ಐದು ದಿನದ ಟೆಸ್ಟ್ ಪಂದ್ಯವನ್ನು ಒಂದು ಚೆಂಡೂ ಬಿಡದೆ ತೋರಿಸುತ್ತದೆ. ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕೂತವರು ಎಲ್‌ಬಿಡಬ್ಲ್ಯು ಹೇಗೆ ಕೊಡಬೇಕೆಂದು ಅಂಪೈರಿಗೆ ಪಾಠ ಹೇಳುತ್ತಾರೆ, ರಿವರ್ಸ್ ಸ್ವಿಂಗ್ ಬಗ್ಗೆ ವಾದ ಮಾಡುತ್ತಾರೆ. ಇದನ್ನು ಅವರಿಗೆ ಯಾವ ವಿಶ್ವವಿದ್ಯಾಲಯ ಕಲಿಸಿತು? ಪೂರ್ತಿ ಆಟ ತೋರಿಸಿದ್ದರಿಂದ, ತೋರಿಸುವಾಗ ಬಲ್ಲವರೊಬ್ಬರು ಪಕ್ಕದಲ್ಲಿ ಕೂತು, ಈಗ ಫೀಲ್ಡರ್ ಯಾಕೆ ಸರಿದ ನೋಡಿ ಎಂದು ಹೇಳಿದ್ದರಿಂದ ಅವರು ಕಲಿತರು. ಕ್ರಿಕೆಟಿನಲ್ಲಿ ಚೆಂಡು ಬ್ಯಾಟಿಗೆ ತಾಗುವ ಮೊದಲೇ ದೃಶ್ಯ ಕತ್ತರಿಸಿ ಆಟಗಾರನ ಅಜ್ಜಿಯ ಮನೆ ತೋರಿಸಿದರೆ ಜನ ಟಿವಿ ಒಡೆಯುತ್ತಿದ್ದರು. ಸಂಗೀತಕ್ಕೆ ಅದನ್ನೇ ಮಾಡಿ, ಜನರಿಗೆ ತಿಳಿಯುವುದಿಲ್ಲ ಎನ್ನುತ್ತೇವೆ.

ಇನ್ನು, ಜೀವನ ಕತೆ ಬೇಡವೇ ಎಂಬ ಪ್ರಶ್ನೆ. ಇದು ಗಂಭೀರವಾದದ್ದು. ಗಂಗೂಬಾಯಿ ಹಾನಗಲ್ಲರ ಬದುಕಿನಲ್ಲಿ ಜಾತಿಯ ಅವಮಾನವಿತ್ತು, ಬಡತನವಿತ್ತು. ಅದನ್ನು ಮರೆಸಿ ಬರೀ ರಾಗ ಕೇಳಿಸುವುದು ಇನ್ನೊಂದು ಬಗೆಯ ಮೋಸ. ಕತೆ ಬೇಡ ಎಂದು ನಾನು ಹೇಳುತ್ತಿಲ್ಲ. ಕತೆ ಹಾಡಿನ ತನಕ ಬಂದು ಮುಟ್ಟಲಿ ಎನ್ನುತ್ತಿದ್ದೇನೆ. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತದ್ದು ನಮಗೆಲ್ಲ ಬಾಯಿಪಾಠ. ರೈಲಿನ ದೃಶ್ಯ ತಪ್ಪದೆ ಬರುತ್ತದೆ. ಆದರೆ ಕುಂದಗೋಳದಲ್ಲಿ ಇಳಿದ ಮೇಲೆ ಏನು ಕಲಿತರು? ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿದು ನಿಲ್ಲಬೇಕು, ಮುಂದಿನ ಸ್ವರಕ್ಕೆ ಯಾವ ಮುಹೂರ್ತದಲ್ಲಿ ಹೋಗಬೇಕು ಎಂಬ ಕಿರಾಣಾ ಶಿಸ್ತು ಆ ಹೆಣ್ಣಿನ ದಪ್ಪ ದನಿಯಲ್ಲಿ ಏನಾಯಿತು? ನಮ್ಮ ರೈಲು ಯಾವಾಗಲೂ ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಡುತ್ತದೆ.

ಇನ್ನೊಂದು ಹೆಸರು ಹೇಳುತ್ತೇನೆ: ಕೃಷ್ಣಾ ಹಾನಗಲ್. ಗಂಗೂಬಾಯಿಯವರ ಮಗಳು. ದಶಕಗಳ ಕಾಲ ತಾಯಿಯ ಹಿಂದೆ ಕೂತು ದನಿಗೂಡಿಸಿದವರು, 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡವರು. ಗಂಗೂಬಾಯಿಯವರ ಯಾವುದೇ ಹಳೆಯ ಕಛೇರಿಯ ಧ್ವನಿಮುದ್ರಣ ಕೇಳಿ, ತಾಯಿ ಬಿಟ್ಟ ಸ್ವರವನ್ನು ಹಿಡಿದು ಮುಂದಕ್ಕೆ ಸಾಗಿಸುವ ಆ ಎರಡನೆಯ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ನಾವು ಗಂಗೂಬಾಯಿಯವರ ಸಂಗೀತ ಎನ್ನುವುದು ಎಷ್ಟೋ ಸಲ ಇಬ್ಬರ ಸಂಗೀತ. ಪೂರ್ತಿ ಆವರ್ತನ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಣುಕು ಕೇಳಿದವರಿಗೆ ಹೇಳಿದರೂ ಅರ್ಥವಾಗದು. ಒಬ್ಬ ಮಹಾನ್ ವ್ಯಕ್ತಿ, ಒಂದು ಬೆಳಕು, ಒಂದು ಮುಖ ಎಂಬ ಟಿವಿಯ ಹಂಬಲಕ್ಕೆ ಪಕ್ಕದಲ್ಲಿ ಕೂತವರು ಅಡ್ಡಿ. ಅದಕ್ಕೇ ಮಗಳು ಚೌಕಟ್ಟಿನ ಅಂಚಿಗೆ ಸರಿಯುತ್ತಾಳೆ, ಹಾರ್ಮೋನಿಯಂನವರು ಮಸುಕಾಗುತ್ತಾರೆ, ತಬಲಜಿ ಬೆರಳಾಗುತ್ತಾರೆ.

ಇಷ್ಟು ಬರೆದು ನಾನು ಸಾಚಾ ಎಂದು ನಿಲ್ಲಲಾರೆ. ನನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಮಾರ್ಗದರ್ಶಕರಿಗೆ ಕೊಟ್ಟಾಗ ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದಿದ್ದರು: "ಇದರಲ್ಲಿ ಹಾಡು ಎಲ್ಲಿದೆ?" ಅರುವತ್ತು ಪುಟಗಳಲ್ಲಿ ಹುಟ್ಟು, ಜಾತಿ, ವಲಸೆ, ಆಶ್ರಯ, ಪ್ರಶಸ್ತಿ ಎಲ್ಲ ಇತ್ತು, ಒಂದು ಬಂದಿಶ್‌ನ ವಿಶ್ಲೇಷಣೆ ಇರಲಿಲ್ಲ. ನಾನೂ ಕಾಗದದ ಮೇಲೆ ಡ್ರೋನು ಹಾರಿಸಿದ್ದೆ. ಸಾಹಿತ್ಯದಲ್ಲೂ ನಾವು ಮಾಡುವುದು ಇದನ್ನೇ ಅಲ್ಲವೇ? ಕವಿಯ ಬಗ್ಗೆ ಎರಡು ಗಂಟೆ ಮಾತಾಡುವ ವಿಚಾರ ಸಂಕಿರಣದಲ್ಲಿ ಒಂದು ಕವಿತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದನ್ನು ಎಷ್ಟು ಸಲ ಕೇಳಿದ್ದೀರಿ? ಟಿವಿಯ ರೋಗ ಟಿವಿಯಲ್ಲಿ ಮಾತ್ರ ಇಲ್ಲ.

ಆ ಪೆನ್ಸಿಲ್ ಸಾಲಿನ ನಂತರವೇ ನನಗೆ ಆ ಬೆಳಗಿನ ತೋಡಿ ನೆನಪಾಯಿತು. ಎರಡು ಕ್ಯಾಮೆರಾ ಪೂರ್ತಿ ಓಡಿದ್ದವಲ್ಲ! ಅಪ್ಪ ಮತ್ತು ಆ ಗಾಯಕರ ನಡುವೆ ಇಪ್ಪತ್ತು ವರ್ಷಗಳಲ್ಲಿ ಬೆಳೆದ ಲಯದ ಸಂಭಾಷಣೆ ಅದರಲ್ಲಿ ಪೂರ್ತಿ ಇರಬೇಕು. ನನ್ನ ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆಯ ಆಕರ ಇನ್ನೇನಿದೆ? ವಾಹಿನಿಗೆ ಪತ್ರ ಬರೆದೆ, ಫೋನು ಮಾಡಿದೆ, ಕೊನೆಗೆ ಬೆಂಗಳೂರಿಗೆ ಹೋದೆ. ಅಲ್ಲಿನ ಒಬ್ಬರು ಚಹಾ ತರಿಸಿಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದರು: "ಮೇಡಂ, ಪ್ರಸಾರ ಆದಮೇಲೆ ರಾ ಫೂಟೇಜ್ ಇಟ್ಟುಕೊಳ್ಳೋದಿಲ್ಲ. ಹಾರ್ಡ್ ಡಿಸ್ಕ್ ಬೇರೆ ಪ್ರೋಗ್ರಾಂಗೆ ಬೇಕಾಗುತ್ತೆ. ಅಳಿಸಿಬಿಡ್ತೀವಿ."

1960, 70ರ ದಶಕಗಳಲ್ಲಿ ಬಿಬಿಸಿಯೂ ತನ್ನ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿತ್ತು. ಆಗ ಟೇಪು ದುಬಾರಿ. ಮುಂದೆ ಅವರು ಕೈಕೈ ಹಿಸುಕಿಕೊಂಡರು, ಕಳೆದುಹೋದ ಕಾರ್ಯಕ್ರಮಗಳನ್ನು ಇಂದಿಗೂ ಹುಡುಕುತ್ತಿದ್ದಾರೆ. ಇಂದು ಐವತ್ತು ನಿಮಿಷದ ತೋಡಿ ಇಟ್ಟುಕೊಳ್ಳಲು ಬೇಕಾದ ಜಾಗದ ಬೆಲೆ ಆ ದಿನ ತಂಡ ಮಾಡಿದ ಊಟದ ಖರ್ಚಿಗಿಂತ ಕಡಿಮೆ. ಆದರೂ ಅಳಿಸಿದರು. ಏಕೆಂದರೆ ಅವರ ಲೆಕ್ಕದಲ್ಲಿ ಕೃತಿ ಎಂದರೆ ತಾವು ಮಾಡಿದ ಚಿತ್ರ, ಆ ಗಾಯನ ಬರೀ ಕಚ್ಚಾ ಮಾಲು. ಚಿತ್ರ ಪ್ರಸಾರವಾದ ಮರುವರ್ಷ ಆ ಗಾಯಕರಿಗೆ ಪಾರ್ಶ್ವವಾಯು ಬಡಿಯಿತು. ಈಗ ಅವರು ಹಾಡುವುದಿಲ್ಲ. ಆ ಬೆಳಗ್ಗೆ ಅವರು ಪೂರ್ತಿಯಾಗಿ ಹಾಡಿದ ಕೊನೆಯ ತೋಡಿಯನ್ನು ಕೇಳಿದವರು ನಾವು ಏಳೆಂಟು ಜನ, ಎರಡು ಯಂತ್ರಗಳು. ಯಂತ್ರಗಳು ಮರೆತಿವೆ.

ಹಾಗಾಗಿ ನನ್ನ ಬೇಡಿಕೆಗಳು ಸೌಂದರ್ಯಶಾಸ್ತ್ರದವಲ್ಲ, ತೀರಾ ವ್ಯಾವಹಾರಿಕವಾದವು. ಕಲಾವಿದರ ಬಗ್ಗೆ ಚಿತ್ರ ಮಾಡುವವರು ಅವರ ಒಂದು ಕೃತಿಯನ್ನಾದರೂ ಮಾತಿಲ್ಲದೆ, ಕತ್ತರಿಯಿಲ್ಲದೆ ಪೂರ್ತಿ ತೋರಿಸಲಿ. ಬಡಾ ಖ್ಯಾಲ್ ಆಗದಿದ್ದರೆ ಆರು ನಿಮಿಷದ ಒಂದು ಠುಮ್ರಿ, ಒಂದು ವಚನ, ಒಂದು ದಾಸರ ಪದ ಸಾಕು. ಇಡೀ ವರ್ಣಚಿತ್ರ ಅಲುಗದೆ ಅರ್ಧ ನಿಮಿಷ ನಿಲ್ಲಲಿ. ಒಂದು ಕವಿತೆ ಮೊದಲಿನಿಂದ ಕೊನೆಯವರೆಗೆ ಕೇಳಿಸಲಿ. ಕೇಳಿಸುವ ದನಿಗೆ ಅದೇ ಹೊತ್ತಿನ ಕೈಯನ್ನೇ ತೋರಿಸಲಿ, ಬೇರೆ ತಾಲದ ಬೆರಳುಗಳನ್ನು ಅಂಟಿಸುವುದು ಸುಳ್ಳು ಸಾಕ್ಷ್ಯ. ಸಾಥ್ ಕೊಟ್ಟವರ ಹೆಸರು ಅವರ ಮುಖದ ಕೆಳಗೆ ಬರಲಿ. ಮತ್ತು ಪೂರ್ತಿ ಚಿತ್ರೀಕರಣದ ಒಂದು ಪ್ರತಿ ಕಲಾವಿದರ ಮನೆಗೆ ಹೋಗಲಿ, ಇನ್ನೊಂದು ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ. ಸಾರ್ವಜನಿಕ ಹಣದಲ್ಲಿ ಮಾಡುವ ಚಿತ್ರಗಳಿಗಂತೂ ಇದು ಕರಾರಿನಲ್ಲೇ ಇರಬೇಕು.

ಅಪ್ಪನಿಗೆ ಈಗ ಅರವತ್ತೆಂಟು. ಹೋದ ತಿಂಗಳು ಊರಿಗೆ ಹೋದಾಗ ನನ್ನ ಮೊಬೈಲನ್ನು ಪುಸ್ತಕಗಳಿಗೆ ಒರಗಿಸಿಟ್ಟು, ಅವರ ಶಿಷ್ಯನೊಬ್ಬನಿಗೆ ಲೆಹರಾ ಹಿಡಿಯಲು ಹೇಳಿ, ವಿಲಂಬಿತ ಏಕತಾಲ ಬಾರಿಸಲು ಕೇಳಿಕೊಂಡೆ. ಬೆಳಕು ಚೆನ್ನಾಗಿರಲಿಲ್ಲ, ನಡುವೆ ಕುಕ್ಕರು ಎರಡು ಸೀಟಿ ಹಾಕಿತು. ನಲವತ್ತು ನಿಮಿಷ ಬಾರಿಸಿದರು. ನಿಲ್ಲಿಸಿದ ಮೇಲೆ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ, "ಇದರಾಗ ಎಷ್ಟು ಇಟ್ಕೋತೀ?" ಎಂದು ಕೇಳಿದರು.

"ಎಲ್ಲಾ" ಎಂದೆ.

ಅವರು ನಂಬಿದ ಹಾಗೆ ಕಾಣಲಿಲ್ಲ. "ಹಂಗಾದ್ರ ಕುಕ್ಕರ್ ಆರಿಸಿ ಇನ್ನೊಮ್ಮಿ ತಗೋ" ಎಂದು ಮತ್ತೆ ತಬಲಾ ಎಳೆದುಕೊಂಡರು.